ತುಳಿಯದ ಹೊತ್ತಿನ ಸೈಕಲ್

ನನ್ನ ಸೈಕಲ್ಲನ್ನು ದಿನಕ್ಕೆ ಮುಕ್ಕಾಲು ಗಂಟೆಯೂ ನಾನು ತುಳಿಯುವುದಿಲ್ಲ. ತ್ಯಾಗರಾಜನಗರದ ಮನೆಯಿಂದ ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದ ತನಕ ಒಂದಿಷ್ಟು, ಆ ಕಡೆ ನಲ್ಲೂರಹಳ್ಳಿಯಲ್ಲಿ ಇಳಿದ ಮೇಲೆ ಆಫೀಸಿನ ತನಕ ಇನ್ನೊಂದಿಷ್ಟು. ಮಿಕ್ಕ ಹೊತ್ತೆಲ್ಲ ಅದು ಮಡಚಿಕೊಂಡು ನನ್ನ ಕಾಲ ಬಳಿ ಬಿದ್ದಿರುತ್ತದೆ. ರೈಲಿನ ಕೊನೆಯ ಬೋಗಿಯಲ್ಲಿ, ಲಿಫ್ಟಿನ ಮೂಲೆಯಲ್ಲಿ, ಮೇಜಿನ ಕೆಳಗೆ, ಸಂಜೆ ಕಾಫಿಗೆ ನಿಂತರೆ ದರ್ಶಿನಿಯ ಕಟ್ಟೆಯ ಪಕ್ಕದಲ್ಲಿ.

ಇಷ್ಟು ಕಡಿಮೆ ತುಳಿಯುವ ಸೈಕಲ್ಲಿಗೆ ಅಷ್ಟು ದುಡ್ಡು ಯಾಕೆ ಅನ್ನುವುದು ನಮ್ಮ ಮನೆಯಲ್ಲಿ ಇನ್ನೂ ಮುಗಿಯದ ಚರ್ಚೆ. ನನ್ನ ವಾದ ಒಂದೇ. ಮಡಚುವ ಸೈಕಲ್ಲಿಗೆ ದುಡ್ಡು ಕೊಡುವುದು ತುಳಿಯುವುದಕ್ಕಲ್ಲ, ತುಳಿಯದೇ ಇರುವ ಹೊತ್ತಿಗೆ. ತುಳಿಯುವುದಕ್ಕೇ ಆದರೆ ಅದರ ಕಾಲುಭಾಗ ಬೆಲೆಗೆ ಇದಕ್ಕಿಂತ ಹಗುರವಾಗಿ ಓಡುವ, ಗುಂಡಿಗೆ ಹೆದರದ ದೊಡ್ಡ ಚಕ್ರದ ಸೈಕಲ್ ಸಿಗುತ್ತದೆ. ಆದರೆ ಅದನ್ನು ಮೆಟ್ರೋದೊಳಗೆ ಬಿಡುವುದಿಲ್ಲ, ಆಫೀಸಿನೊಳಗೆ ಬಿಡುವುದಿಲ್ಲ, ಹೊರಗೆ ಬೀಗ ಹಾಕಿ ನಿಲ್ಲಿಸಿದರೆ ಸಂಜೆಗೆ ಸೀಟು ಇರುತ್ತದೆಂಬ ಖಾತ್ರಿಯಿಲ್ಲ.

ನನ್ನದು ಇಂಗ್ಲೆಂಡಿನ ಬ್ರಾಂಪ್ಟನ್ ಕಂಪನಿಯದು. ಹೊಸದಲ್ಲ. ಹೊಸದರ ಬೆಲೆ ಲಕ್ಷ ದಾಟುತ್ತದೆ, ನನ್ನ ಕೈಗೆ ಅದು ಎಟುಕುತ್ತಿರಲಿಲ್ಲ. ಲಂಡನ್ನಿನಲ್ಲಿ ಕೆಲವು ವರ್ಷ ಇದ್ದು ಊರಿಗೆ ವಾಪಸ್ ಬಂದ ಗೆಳೆಯನೊಬ್ಬ ಸಾಮಾನಿನ ಜೊತೆ ತಂದಿದ್ದ. ಇಲ್ಲಿಗೆ ಬಂದ ಮೇಲೆ ಅವನಿಗೆ ಕಾರೇ ಸಾಕಾಯಿತು. ಬಣ್ಣ ಅಲ್ಲಲ್ಲಿ ಎದ್ದಿತ್ತು, ಚೈನು ಸವೆದಿತ್ತು, ಆದರೆ ಸ್ಟೀಲಿನ ಫ್ರೇಮು ಗಟ್ಟಿಯಾಗಿತ್ತು, ಕೀಲುಗಳಲ್ಲಿ ಅಲುಗಾಟವಿರಲಿಲ್ಲ. ಹಳೆಯ ಮಡಚುವ ಸೈಕಲ್ ಕೊಳ್ಳುವವರು ಮಿಕ್ಕದ್ದೆಲ್ಲ ಬಿಟ್ಟು ಮೊದಲು ಕೀಲನ್ನೇ ನೋಡಬೇಕು. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಜಗ್ಗಿದರೆ ಕೈಗೆ ಗೊತ್ತಾಗುತ್ತದೆ. ಚೈನು, ಟೈರು, ಕೇಬಲ್ಲು ಬದಲಾಯಿಸುವುದು ಸುಲಭ, ಸವೆದ ಕೀಲು ದೊಡ್ಡ ತಲೆನೋವು.

ಈ ಸೈಕಲ್ಲನ್ನು ರೂಪಿಸಿದ ಆಂಡ್ರ್ಯೂ ರಿಚಿ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿಯೂ ಲಂಡನ್ನಿನಲ್ಲಿ ತೋಟಗಾರಿಕೆ ಮಾಡಿಕೊಂಡಿದ್ದ ಆಸಾಮಿ. 1970ರ ದಶಕದ ನಡುವೆ ಬಿಕರ್‌ಟನ್ ಅನ್ನುವ ಅಲ್ಯೂಮಿನಿಯಂ ಮಡಚುವ ಸೈಕಲ್ಲನ್ನು ನೋಡಿ, ಇದಕ್ಕಿಂತ ಚೆನ್ನಾಗಿ ನಾನು ಮಾಡಬಲ್ಲೆ ಅಂದುಕೊಂಡು ತನ್ನ ಫ್ಲ್ಯಾಟಿನ ಕೋಣೆಯಲ್ಲೇ ಕೆಲಸ ಶುರುಮಾಡಿದ. ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಆರೇಟರಿ ಚರ್ಚಿನ ಹೆಸರೇ ಸೈಕಲ್ಲಿಗೂ ಬಂತು. ನಮ್ಮ ತಾತಂದಿರು ಹೆಮ್ಮೆಯಿಂದ ತುಳಿದ ರ‍್ಯಾಲಿ ಕಂಪನಿಗೂ ತೋರಿಸಿದನಂತೆ, ಅವರು ಬೇಡವೆಂದರು. 1981ರಲ್ಲಿ ತಾನೇ ಸಣ್ಣದಾಗಿ ತಯಾರಿಸಿ ಮಾರಿದ. ನಡುವೆ ಕೆಲಸ ನಿಂತುಹೋಗಿ, ಆ ದಶಕದ ಕೊನೆಗೆ ಬ್ರೆಂಟ್‌ಫೋರ್ಡ್‌ನಲ್ಲಿ ರೈಲು ಸೇತುವೆಯ ಕಮಾನಿನ ಕೆಳಗೆ ಮತ್ತೆ ಶುರುವಾಯಿತು.

ರಿಚಿಯ ಜಾಣತನ ಎಲ್ಲಿದೆ ಅಂತ ನೋಡಬೇಕಾದರೆ ಸೈಕಲ್ಲನ್ನು ಮಡಚಿ ಎದುರಿಗಿಟ್ಟುಕೊಳ್ಳಬೇಕು. ಮೊದಲು ಹಿಂದಿನ ಚಕ್ರ ಫ್ರೇಮಿನ ಕೆಳಗೆ ಮಗುಚುತ್ತದೆ. ಆಮೇಲೆ ಮುಂದಿನ ಚಕ್ರ ಪಕ್ಕಕ್ಕೆ ತಿರುಗಿ ಅದರ ಮಗ್ಗುಲಿಗೆ ಬಂದು ಕೂರುತ್ತದೆ. ಹ್ಯಾಂಡಲ್ ಕೆಳಗೆ ಬೀಳುತ್ತದೆ, ಸೀಟಿನ ಕಂಬವನ್ನು ಒತ್ತಿ ಇಳಿಸಿದರೆ ಇಡೀ ಕಟ್ಟು ಬಿಗಿಯಾಗಿ ಬಿಚ್ಚಿಕೊಳ್ಳದಂತೆ ನಿಲ್ಲುತ್ತದೆ. ಈಗ ನೋಡಿ, ಎಣ್ಣೆ ಹತ್ತಿದ ಚೈನು, ಚೈನಿನ ಚಕ್ರ ಎಲ್ಲವೂ ಎರಡು ಗಾಲಿಗಳ ನಡುವೆ ಒಳಗಡೆ ಸೇರಿಕೊಂಡಿವೆ. ಮಡಚಿದ್ದನ್ನು ಕಾಲಿಗೆ ತಾಗಿಸಿಕೊಂಡು ನಡೆದರೂ ಪ್ಯಾಂಟಿಗೆ ಮಸಿಯಿಲ್ಲ. ಸೈಕಲ್ಲಿಗಿಂತ ಸೈಕಲ್ ಹೊತ್ತವನ ಬಗ್ಗೆ, ಅವನ ಪಕ್ಕ ನಿಂತವರ ಸೀರೆಯ ಬಗ್ಗೆ ಯೋಚಿಸಿದವನಿಗೆ ಮಾತ್ರ ಹೊಳೆಯುವ ಏರ್ಪಾಡು ಇದು. ಮಧ್ಯಕ್ಕೆ ಒಂದೇ ಕೀಲಿಟ್ಟು ಎರಡಾಗಿ ಮಡಚುವ ಅಗ್ಗದ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಚೈನು ಹೊರಗಡೆ ಉಳಿಯುತ್ತದೆ. ಸಂಜೆ ಆರೂವರೆಯ ಮೆಜೆಸ್ಟಿಕ್‌ನಲ್ಲಿ ಆ ಚೈನು ಯಾರಿಗೆ ತಾಗಬಹುದು ಅಂತ ಊಹಿಸಿಕೊಂಡರೆ ಬೆಲೆಯ ವ್ಯತ್ಯಾಸ ಸ್ವಲ್ಪ ಅರ್ಥವಾಗುತ್ತದೆ. ಎಲ್ಲವೂ ಅಲ್ಲ, ಸ್ವಲ್ಪ.

ನಮ್ಮ ಮೆಟ್ರೋ 2022ರ ನವೆಂಬರ್‌ನಲ್ಲಿ ಮಡಚುವ ಸೈಕಲ್ಲಿಗೆ ಅನುಮತಿ ಕೊಟ್ಟಿತು. ಕೊನೆಯ ಬೋಗಿಯಲ್ಲಿ ಮಾತ್ರ, ತೂಕ 15 ಕಿಲೋ ಮೀರಬಾರದು, ಅಳತೆ 60 × 45 × 25 ಸೆಂಟಿಮೀಟರ್ ದಾಟಬಾರದು, ಬ್ಯಾಗುಗಳ ಹಾಗೆ ತಪಾಸಣೆ ಆಗಬೇಕು. ಸುದ್ದಿ ಓದಿ ಖುಷಿಪಟ್ಟವರು ಟೇಪು ಹಿಡಿದ ಕೂಡಲೇ ಪೆಚ್ಚಾದರು. ಅತಿ ಚಿಕ್ಕದಾಗಿ ಮಡಚುತ್ತದೆಂದು ಹೆಸರಾದ ಬ್ರಾಂಪ್ಟನ್ನೇ ಮಡಚಿದಾಗ ಸುಮಾರು 58 × 56 × 27 ಸೆಂಟಿಮೀಟರ್. ಗಾಲಿಯೊಂದೇ ಸುಮಾರು 42 ಸೆಂಟಿಮೀಟರ್, ಅದರ ಮೇಲೆ ಫ್ರೇಮು, ಸೀಟು ಸೇರಿದರೆ 45ರಲ್ಲಿ ನಿಲ್ಲುವುದಾದರೂ ಹೇಗೆ? 45 ಸೆಂಟಿಮೀಟರ್‌ನೊಳಗೆ ಹಿಡಿಸುವುದು ಸೂಟ್‌ಕೇಸು, ಮಡಚಿದ ಸೈಕಲ್ಲಲ್ಲ. ಲಂಡನ್ನಿನ ಸುರಂಗ ರೈಲಿನಲ್ಲಿ ಮಡಚಿದ ಸೈಕಲ್ಲನ್ನು ಯಾವ ಹೊತ್ತಿನಲ್ಲಾದರೂ ಒಯ್ಯಬಹುದು. ನಮ್ಮಲ್ಲೂ ಅಳತೆಯನ್ನು ಸೈಕಲ್ಲಿಗೆ ತಕ್ಕಂತೆ ಬರೆದರೆ ಯಾರ ಗಂಟೂ ಹೋಗುವುದಿಲ್ಲ. ಸದ್ಯಕ್ಕೆ ತಪಾಸಣೆಯವರು ಟೇಪು ಹಿಡಿದು ಅಳೆಯುವುದನ್ನು ನಾನಂತೂ ಕಂಡಿಲ್ಲ. ಅವರು ನೋಡುವುದು ಎರಡೇ: ಯಂತ್ರದೊಳಗೆ ಹೋಗುತ್ತದಾ, ಹಿಂದೆ ಕ್ಯೂ ನಿಲ್ಲುತ್ತದಾ.

ಕ್ಯೂ ನಿಲ್ಲದಂತೆ ನೋಡಿಕೊಳ್ಳುವುದಕ್ಕಾಗಿಯೇ ನಾನು ಮಾಡಿಸಿದ ಮೊದಲ ಮಾರ್ಪಾಡು ಸೈಕಲ್ಲಿನದ್ದೇ ಅಲ್ಲ, ಅದರ ಮುಸುಕಿನದು. ಕಲಾಸಿಪಾಳ್ಯದ ಕಡೆ ಆಟೋ ಸೀಟು, ಟಾಪು ಹೊಲಿಯುವ ಪುಟ್ಟ ಅಂಗಡಿಯೊಂದಕ್ಕೆ ಮಡಚಿದ ಸೈಕಲ್ಲನ್ನು ಎತ್ತಿಕೊಂಡು ಹೋದೆ. ಸಾಬರು ಕನ್ನಡಕದ ಮೇಲಿಂದ ನೋಡಿದರು.

“ಇದೇನ್ ಸಾರ್, ಗಾಲಿ ಕುರ್ಚಿನಾ?”

ಬಿಚ್ಚಿ ತೋರಿಸಿದೆ. ಮತ್ತೆ ಮಡಚಿ ಅಂದರು. ಇನ್ನೊಂದು ಸಲ ಬಿಚ್ಚಿ ಅಂದರು. ಅಷ್ಟರಲ್ಲಿ ಪಕ್ಕದ ಅಂಗಡಿಯವರೂ ಬಂದು ನಿಂತಿದ್ದರು. ನನ್ನ ತಲೆಯಲ್ಲಿದ್ದದ್ದು ಆಟೋ ಟಾಪಿನ ಕಪ್ಪು ರೆಕ್ಸಿನ್. ಅವರು ಒಂದು ತುಂಡು ಕತ್ತರಿಸಿ ನನ್ನ ಕೈಗೆ ಹಾಕಿ, “ತೂಕ ನೋಡಿ. ಇದನ್ನ ದಿನಾ ಹೊರ್ತೀರಾ?” ಅಂದರು. ಆಮೇಲೆ ಒಳಗಿನಿಂದ ಛತ್ರಿ ಬಟ್ಟೆಯಂಥ ತೆಳು ನೈಲಾನ್ ತಂದರು. ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹಾಕುತ್ತಾ ಸೀಟಿನ ಜಾಗಕ್ಕೆ ಬಂದಾಗ ಕೈ ನಿಲ್ಲಿಸಿ, “ಎತ್ತೋದು ಎಲ್ಲಿ ಹಿಡ್ಕೊಂಡು?” ಎಂದು ಕೇಳಿದರು. ಸೀಟಿನ ಮೂತಿ ತೋರಿಸಿದೆ. ಅಲ್ಲಿ ಒಂದು ಸೀಳು ಬಿಟ್ಟು, ಸುತ್ತ ಎರಡು ಪದರ ಪಟ್ಟಿ ಕೊಟ್ಟು ಹೊಲಿದರು. ತಳ ಪೂರ್ತಿ ತೆರೆದಿಟ್ಟರು, ಮೇಲಿಂದ ಬುರ್ಖಾ ಹಾಕಿದ ಹಾಗೆ ಒಂದೇ ಎಳೆತಕ್ಕೆ ಇಳಿಯುತ್ತದೆ. ಸುತ್ತಿಟ್ಟರೆ ಸೀಟಿನ ಕೆಳಗೆ ಮುಷ್ಟಿ ಗಾತ್ರ. ಬ್ರಾಂಪ್ಟನ್ ಕಂಪನಿಯ ಅಸಲಿ ಮುಸುಕೂ ಹೆಚ್ಚುಕಮ್ಮಿ ಇದೇ ಥರ ಇದೆ, ಸಾಬರು ಅದನ್ನು ಯಾವತ್ತೂ ನೋಡಿದವರಲ್ಲ. ಹಿಂದಿನ ಮಡ್‌ಗಾರ್ಡಿಗೆ ಕೆಸರು ತಡೆಯುವ ರೆಕ್ಸಿನ್ ತುಂಡನ್ನು ಮಾತ್ರ ಹಟಮಾಡಿ ಹಾಕಿಸಿಕೊಂಡೆ. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಮುಸುಕು ಹಾಕಿದ ಮೇಲೆ ಅದು ಸೈಕಲ್ಲಲ್ಲ, ಲಗೇಜು. ಜನ ಅದನ್ನು ನೋಡುವ ರೀತಿಯೇ ಬೇರೆ. ಬರೀ ಸೈಕಲ್ಲಾದರೆ “ಎಷ್ಟಾಯ್ತು?” ಎಂದು ಶುರುಮಾಡಿ ಮೆಜೆಸ್ಟಿಕ್ ಬರುವಷ್ಟರಲ್ಲಿ ಹತ್ತು ಪ್ರಶ್ನೆ. ಬೆಲೆ ಹೇಳಿದರೆ ಮೌನ. ಆ ಮೌನ ತಪ್ಪಿಸುವುದಕ್ಕಾದರೂ ಮುಸುಕು ಬೇಕು.

ಎರಡನೆಯದು ಸೀಟು. ಲೆದರ್ ಸೀಟು ಹಾಕಿಸಿಕೊಂಡವರು ಅದು ಮೈಗೆ ಒಗ್ಗುವ ಸುಖದ ಬಗ್ಗೆ ಬಹಳ ಹೇಳುತ್ತಾರೆ. ಇರಬಹುದು. ನನಗೆ ಬೇಕಾದದ್ದು ಕೂರುವ ಸುಖವಲ್ಲ, ಎತ್ತುವ ಸುಖ. ಸುಮಾರು 12 ಕಿಲೋ ಭಾರವನ್ನು ಮೆಟ್ಟಿಲ ಮೇಲೆ ಎತ್ತಿ ಒಯ್ಯುವಾಗ ನಾಲ್ಕು ಬೆರಳು ಸೀಟಿನ ಮೂತಿಯ ಕೆಳಗೆ ಸರಿಯಾಗಿ ಕೂರಬೇಕು. ಮೂತಿಯ ಅಡಿಯಲ್ಲಿ ಬೆರಳಿಗೆ ಮೆತ್ತಗಿನ ತಾವು ಇರುವ ಸಾದಾ ಸೀಟೇ ನನಗೆ ಸರಿ. ನೆನೆದರೂ ಕೆಡುವುದಿಲ್ಲ. ಸೆಪ್ಟೆಂಬರ್ ಸಂಜೆಯ ಬೆಂಗಳೂರಿನಲ್ಲಿ ಇದು ಸಣ್ಣ ಮಾತೇನಲ್ಲ.

ಗಾಲಿಗಳ ವಿಷಯ. ಮಡಚಿದ ಬ್ರಾಂಪ್ಟನ್ನಿನ ತಳಕ್ಕೆ ಪುಟ್ಟ ಉರುಳುಗಾಲಿಗಳಿರುತ್ತವೆ. ನನ್ನದಕ್ಕೆ ಇದ್ದ ಹಳೆಯವು ಮೇಜಿನ ಕೆಳಗೆ ಸರಿಸುವುದಕ್ಕೆ ಸಾಕು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ದಾಟುವ ದೂರಕ್ಕೆ ಸಾಲದು. ನೆಲದ ಮೇಲಿನ ಉಬ್ಬುಪಟ್ಟಿ, ಅಂಧರಿಗೆ ದಾರಿ ತೋರುವ ಹಳದಿ ಪಟ್ಟಿ, ಸಿಕ್ಕಿದ ತಕ್ಷಣ ಕಟಕಟ ಎಂದು ಇಡೀ ನಿಲ್ದಾಣಕ್ಕೆ ಕೇಳಿಸುತ್ತಿತ್ತು. ಅವನ್ನು ತೆಗೆದು ರಬ್ಬರ್ ಅಂಚಿನ, ಬೇರಿಂಗ್ ಇರುವ ಕೊಂಚ ದೊಡ್ಡ ಗಾಲಿ ಹಾಕಿಸಿದೆ. ಈಗ ಹ್ಯಾಂಡಲ್ಲನ್ನು ಮಾತ್ರ ಎತ್ತಿ ಹಿಡಿದು ತಳ್ಳಿಕೊಂಡು ಹೋಗಬಹುದು. ನಾನು ಖರ್ಚುಮಾಡಿದ್ದರಲ್ಲಿ ಅತಿ ಕಡಿಮೆ ಬೆಲೆಯದ್ದು, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ತುಳಿತಕ್ಕೆ ಸಂಬಂಧಪಟ್ಟದ್ದು ಎಂದರೆ ಮುಂದಿನ ಹಲ್ಲುಚಕ್ರ. 50 ಹಲ್ಲಿನದನ್ನು ತೆಗೆದು 44ರದು ಹಾಕಿಸಿದೆ. ಅತಿ ಹಗುರ ಗೇರಿನಲ್ಲಿ ಪೆಡಲ್ಲಿನ ಒಂದು ಸುತ್ತಿಗೆ ಸುಮಾರು 2.6 ಮೀಟರ್ ಹೋಗುತ್ತಿದ್ದದ್ದು ಈಗ 2.3 ಮೀಟರ್. ಇಳಿಜಾರಿನಲ್ಲಿ ವೇಗ ಕಮ್ಮಿಯಾಯಿತು, ಬ್ಯೂಗಲ್ ರಾಕ್ ಕಡೆಯ ಏರಿನಲ್ಲಿ ಬೆವರು ಕಮ್ಮಿಯಾಯಿತು. ಈ ಊರಿನ ಸಿಗ್ನಲ್‌ಗಳ ನಡುವೆ ವೇಗಕ್ಕೆ ಯಾರು ಅಳುತ್ತಾರೆ!

ಬೆಲ್ಲಿನ ಕಥೆ ಬೇರೆ. ಜೊತೆಗೆ ಬಂದದ್ದು ಸಣ್ಣ ಗುಂಡಿಯ ಬೆಲ್ಲು, ಡಿಂಗ್ ಎಂದು ಸಭ್ಯವಾಗಿ ಒಂದು ಸಲ ಹೇಳುತ್ತದೆ. ಗಾಂಧಿ ಬಜಾರಿನಲ್ಲಿ ಹೂವಿನ ಚೌಕಾಸಿಯಲ್ಲಿ ಮುಳುಗಿದವರಿಗೆ ಅದು ಎಲ್ಲಿ ಕೇಳಿಸಬೇಕು? ಹಳೇ ಕಾಲದ ದೊಡ್ಡ ಬಟ್ಟಲಿನ ಟ್ರಿಣ್ ಟ್ರಿಣ್ ಬೆಲ್ಲನ್ನು ತಂದು ಕೂರಿಸಹೊರಟರೆ, ಮಡಚಿದಾಗ ಅದು ಮುಂದಿನ ಚಕ್ರದ ಕಡ್ಡಿಗೆ ತಾಗುತ್ತದೆ. ಈ ಸೈಕಲ್ಲಿಗೆ ಏನೇ ಸೇರಿಸಿ, ಮೊದಲ ಪ್ರಶ್ನೆ ಅದೇ: ಮಡಚಿದಾಗ ಎಲ್ಲಿಗೆ ಬರುತ್ತದೆ? ಕನ್ನಡಿ, ಮೊಬೈಲು ಸಿಕ್ಕಿಸುವ ಹಿಡಿ, ನೀರಿನ ಬಾಟಲು, ಎಲ್ಲಕ್ಕೂ ಇದೇ ಪರೀಕ್ಷೆ. ಅಂಗಡಿಯವರು ನಿಂತ ಸೈಕಲ್ಲಿಗೆ ಹಾಕಿ ಚೆನ್ನಾಗಿದೆ ಅನ್ನುತ್ತಾರೆ. ನಮ್ಮ ಬೀದಿಯ ಸೈಕಲ್ ಶಾಪಿನ ಹುಡುಗ ಮಾತ್ರ ಮೊದಲು ಮಡಚಿ, ಖಾಲಿ ಉಳಿದ ಜಾಗಕ್ಕೆ ಬೆರಳಿಟ್ಟು ನೋಡಿ, ಹ್ಯಾಂಡಲ್ಲಿನ ನಡುಭಾಗಕ್ಕೆ ಸ್ವಲ್ಪ ಓರೆಯಾಗಿ ಬೆಲ್ಲು ಕಟ್ಟಿದ. ಈಗ ಬಾರಿಸುವುದಕ್ಕೆ ಕೈ ಚಾಚಬೇಕು. ಆದರೂ ಆ ಸದ್ದಿಗೆ ವಯಸ್ಸಾದವರು ತಿರುಗಿ ನೋಡಿ ನಗುತ್ತಾರೆ, ಹುಡುಗರು ದಾರಿ ಬಿಡುತ್ತಾರೆ.

ಮುಂದಿನ ಚೀಲದ ಬಗ್ಗೆ ಒಂದು ಮಾತು. ಅದು ಹ್ಯಾಂಡಲ್ಲಿಗೆ ನೇತುಬೀಳುವುದಿಲ್ಲ, ಫ್ರೇಮಿನ ಮೂತಿಗೆ ಬಡಿದ ಒಂದು ಗಟ್ಟಿ ಗೊಣಸಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹ್ಯಾಂಡಲ್ ತಿರುಗಿಸಿದರೂ ಚೀಲ ನೆಟ್ಟಗೆ ಮುಂದೆ ನೋಡುತ್ತಿರುತ್ತದೆ, ಮೊದಮೊದಲು ತಲೆ ಸುತ್ತುತ್ತದೆ. ಲ್ಯಾಪ್‌ಟಾಪು, ಟಿಫನ್ ಡಬ್ಬಿ, ವಾಪಸ್ ಬರುವಾಗ ಎರಡು ಕಟ್ಟು ಸೊಪ್ಪು ಹಾಕಿದರೂ ಹ್ಯಾಂಡಲ್ ಹಗುರವಾಗೇ ಇರುತ್ತದೆ. ಒಂದೇ ಒತ್ತಿಗೆ ಕಳಚಿ ಹೆಗಲಿಗೇರಿಸಬಹುದು.

ಇನ್ನು ಟೈರು. ಈ ಸೈಕಲ್ ಇಟ್ಟುಕೊಂಡವರ ನಿಜವಾದ ಫಜೀತಿ ಇದು. ಚಕ್ರ 16 ಇಂಚು ಅನ್ನುತ್ತಾರೆ. ಮಕ್ಕಳ ಸೈಕಲ್ಲಿನದ್ದೂ 16 ಇಂಚೇ, ಆ ಟೈರು ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಆದರೆ ಮಕ್ಕಳ ಸೈಕಲ್ಲಿನ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 305 ಮಿಲಿಮೀಟರ್, ಇದರದ್ದು 349. ಹೆಸರು ಒಂದೇ, ಅಳತೆ ನಾಲ್ಕು ಸೆಂಟಿಮೀಟರ್‌ಗಿಂತ ಜಾಸ್ತಿ ಬೇರೆ. ಟೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಆ ಮೂರಂಕಿಯನ್ನು ಓದಿಯೇ ಕೊಳ್ಳಬೇಕು. 349ರದು ನಮ್ಮ ಪೇಟೆಯಲ್ಲಿ ಅಪರೂಪ, ಆನ್‌ಲೈನಿನಲ್ಲಿ ತರಿಸಬೇಕು, ಇಲ್ಲವೇ ಹೊರದೇಶದಿಂದ ಬರುವವರ ಕಾಲು ಹಿಡಿಯಬೇಕು. 20 ಇಂಚಿನ ಮಡಚುವ ಸೈಕಲ್ಲಿನವರು ಈ ವಿಷಯದಲ್ಲಿ ಅದೃಷ್ಟವಂತರು. ಅವುಗಳಲ್ಲಿ ಬಹುಪಾಲು 406ರ ಅಳತೆ, ಮಕ್ಕಳ 20 ಇಂಚಿನ ಸೈಕಲ್ಲಿಗೂ ಸಾಮಾನ್ಯವಾಗಿ ಅದೇ, ಯಾವ ಊರಿನಲ್ಲಾದರೂ ಟ್ಯೂಬು ಟೈರು ಸಿಕ್ಕೀತು. ಸರ್ವೀಸಿನ ನೆಮ್ಮದಿ ಮುಖ್ಯ, ಮೆಟ್ರೋ ಹತ್ತುವ ಗೋಜಿಲ್ಲ, ಕಾರಿನ ಡಿಕ್ಕಿಯಲ್ಲೋ ಬಾಲ್ಕನಿಯಲ್ಲೋ ಇಟ್ಟರೆ ಸಾಕು ಅನ್ನುವವರಿಗೆ ನಾನು ಹೇಳುವುದು 20 ಇಂಚಿನದೇ.

ಚಿಕ್ಕ ಚಕ್ರ ಗುಂಡಿಗೆ ಇಳಿದರೆ ದೊಡ್ಡ ಚಕ್ರಕ್ಕಿಂತ ಆಳಕ್ಕೆ ಇಳಿಯುತ್ತದೆ, ಹತ್ತುವಾಗ ಹೆಚ್ಚು ಬಡಿಯುತ್ತದೆ. ಹಿಂದೆ ಗುದ್ದು ತಡೆಯುವ ರಬ್ಬರಿನ ಒಂದು ಗಟ್ಟಿ ಇದೆ, ಬೆನ್ನಿಗೆ ಅದೇ ರಕ್ಷೆ. ಮುಂದೆ ಏನೂ ಇಲ್ಲ, ಮೊಣಕೈಯೇ ಸ್ಪ್ರಿಂಗು. ಚರಂಡಿಯ ಕಬ್ಬಿಣದ ಜಾಲರಿ ರಸ್ತೆಗುಂಟ ಉದ್ದಕ್ಕೆ ಇದ್ದರೆ ಇಳಿದು ತಳ್ಳುತ್ತೇನೆ, ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳುವುದಿಲ್ಲ. ಮಳೆನೀರು ನಿಂತ ಕಡೆಯೂ ಅಷ್ಟೇ, ಕೆಳಗೆ ಏನಿದೆಯೋ ಬಲ್ಲವರಾರು.

ಈಗ ಸ್ವಲ್ಪ ಮುಜುಗರದ ವಿಷಯ. ಆಫೀಸಿನ ಕಟ್ಟಡದ ಗೇಟಿನಲ್ಲಿ ಕೂರುವ ಸೆಕ್ಯುರಿಟಿಯವರೊಬ್ಬರಿದ್ದಾರೆ, ರಾಯಚೂರಿನ ಕಡೆಯವರು. ಅವರೂ ಕೆಲಸಕ್ಕೆ ಸೈಕಲ್ಲಿನಲ್ಲೇ ಬರುತ್ತಾರೆ, ಕಪ್ಪು ಬಣ್ಣದ ಹಳೇ ಅಟ್ಲಾಸ್, ಹಿಂದೆ ಕ್ಯಾರಿಯರ್‌ಗೆ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಕಟ್ಟಿದ ಬುತ್ತಿ. ಅದನ್ನು ಕಾಂಪೌಂಡಿನ ಹೊರಗೆ ವಿದ್ಯುತ್ ಕಂಬಕ್ಕೆ ಚೈನು ಹಾಕಿ ಬಿಟ್ಟು ಬರಬೇಕು. ನೆಲಮಾಳಿಗೆಯಲ್ಲಿ ಕಾರಿಗೆ, ಬೈಕಿಗೆ ಗೆರೆ ಎಳೆದ ಜಾಗವಿದೆ, ಸೈಕಲ್ಲಿಗೆ ಇಲ್ಲ. ನನ್ನದು ಮಾತ್ರ ಲಿಫ್ಟಿನಲ್ಲಿ ಕೂತು ಮೇಲೆ ಹೋಗುತ್ತದೆ.

“ನಿಮ್ಮದು ಬಿಡ್ರಿ ಸರ್, ನಿಮ್ಮ ಸೈಕಲ್ಲಿಗೆ ನಮಸ್ಕಾರ ಹೊಡೀತೀವಿ, ನಮ್ಮ ಸೈಕಲ್ಲು ನಮಗ ಹೊರಗ” ಎಂದು ಒಂದು ದಿನ ನಗುತ್ತಲೇ ಅಂದರು.

ನಗುವುದೋ ಸುಮ್ಮನಿರುವುದೋ ತಿಳಿಯಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಈ ಊರಿನ ರಸ್ತೆಯಲ್ಲಿ ನಿಂತು ನೋಡಿದರೆ ಸೈಕಲ್ ತುಳಿಯುವವರು ಯಾರೆಂದು ಗೊತ್ತಾಗುತ್ತದೆ. ಪೇಪರ್ ಹುಡುಗರು, ಬಣ್ಣ ಬಳಿಯುವವರು, ರಾತ್ರಿ ಪಾಳಿ ಮುಗಿಸಿದ ಕಾವಲುಗಾರರು. ಅವರ ಸೈಕಲ್ ಮಡಚುವುದಿಲ್ಲ, ಹಾಗಾಗಿ ಮೆಟ್ರೋಗೂ ಇಲ್ಲ, ಲಿಫ್ಟಿಗೂ ಇಲ್ಲ. ಮಡಚುವ ಸೈಕಲ್ಲಿಗೆ ಅನುಮತಿ ಕೊಟ್ಟದ್ದನ್ನು ಸೈಕಲ್ ಸವಾರರಿಗೆ ಕೊಟ್ಟ ಸೌಲಭ್ಯ ಅನ್ನುವಾಗ ಈ ಲೆಕ್ಕ ಬಿಟ್ಟುಹೋಗುತ್ತದೆ. ನಿಲ್ದಾಣದ ಬುಡದಲ್ಲಿ ನೆರಳಿರುವ, ಬೀಗ ಹಾಕಲು ಗಟ್ಟಿ ಕಂಬಿಯಿರುವ, ಕಾವಲಿರುವ ಒಂದು ಸ್ಟ್ಯಾಂಡು ನನ್ನ ಸೈಕಲ್ಲಿಗಿಂತ ಹೆಚ್ಚು ಜನಕ್ಕೆ ಉಪಯೋಗ. ಅಂಥದ್ದು ಎರಡೂ ತುದಿಯಲ್ಲಿದ್ದರೆ ನನಗೂ ಇದು ಬೇಕಾಗುತ್ತಿರಲಿಲ್ಲ, ಒಂದು ಸಾದಾ ಸೈಕಲ್ ಸಾಕಿತ್ತು. ನೆಲಮಾಳಿಗೆಯಲ್ಲಿ ಒಂದು ಕಾರಿನ ಜಾಗ ಸೈಕಲ್ಲಿಗೆ ಬಿಡಿ ಎಂದು ಕಟ್ಟಡದವರಿಗೆ ಬರೆದು ಕೇಳಿದ್ದೇವೆ. ಒಂದು ಕಾರಿನ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ. ಉತ್ತರ ಇನ್ನೂ ಬಂದಿಲ್ಲ.

ನೋಡಿದವರೆಲ್ಲ ಕೊಡುವ ಸಲಹೆ ಒಂದಿದೆ, ಮೋಟರ್ ಹಾಕಿಸಿ ಅಂತ. ಹಾಕಿಸುವುದಿಲ್ಲ. ಮೋಟರು, ಬ್ಯಾಟರಿ ಸೇರಿದರೆ ಮೆಟ್ರೋದ 15 ಕಿಲೋ ದಾಟಬಹುದು, ನನ್ನ ಭುಜದ ಮಿತಿ ಅದಕ್ಕೂ ಮುಂಚೆಯೇ ಮುಗಿಯುತ್ತದೆ. ಹತ್ತು ನಿಮಿಷದ ತುಳಿತವನ್ನು ಹಗುರ ಮಾಡುವುದಕ್ಕೆ ಮಿಕ್ಕ ಹೊತ್ತಿನ ಹೊರೆ ಹೆಚ್ಚಿಸಿಕೊಂಡರೆ ಈ ಸೈಕಲ್ ಇದ್ದೂ ಪ್ರಯೋಜನವಿಲ್ಲ.

ನನ್ನನ್ನು ನೋಡಿ ಪಕ್ಕದ ಟೀಮಿನ ಸಹೋದ್ಯೋಗಿಯೊಬ್ಬರು ಹೋದ ವರ್ಷ 20 ಇಂಚಿನದೊಂದನ್ನು ಕೊಂಡರು. ನನಗಿಂತ ಚೆನ್ನಾಗಿ ಸಿಂಗರಿಸಿದ್ದಾರೆ, ಚಿನ್ನದ ಬಣ್ಣದ ಚೈನು, ಮರದ ಹಿಡಿಕೆ, ಹಿಂದೆ ಮುಂದೆ ಲೈಟು. ಅದು ದಿನಾ ಆಫೀಸಿಗೆ ಬರುತ್ತದೆ, ದಿನಾ ಮನೆಗೆ ಹೋಗುತ್ತದೆ, ಅವರ ಕಾರಿನ ಡಿಕ್ಕಿಯಲ್ಲಿ. ಯಾವಾಗ ತುಳಿಯುತ್ತೀರಿ ಅಂತ ಕೇಳಿದರೆ, “ಸಿಲ್ಕ್ ಬೋರ್ಡ್‌ನಲ್ಲಿ ಟ್ರಾಫಿಕ್ ಪೂರ್ತಿ ನಿಂತೋದ್ರೆ ಕಾರು ಅಲ್ಲೇ ಬಿಟ್ಟು ಇದರಲ್ಲಿ ಹೊರಟುಬಿಡ್ತೀನಿ ಗುರು” ಅನ್ನುತ್ತಾರೆ. ತಮಾಷೆಗೆ ಹೇಳುತ್ತಾರೋ ನಿಜಕ್ಕೋ ನನಗಿನ್ನೂ ಗೊತ್ತಾಗಿಲ್ಲ, ಆದರೆ ಹೋದ ಸೋಮವಾರ ಅವರ ಕಾರಿನಲ್ಲಿ ಗಾಳಿ ಹೊಡೆಯುವ ಪಂಪನ್ನೂ ನೋಡಿದೆ.